ಪಿಎಚ್‌ಡಿ ವಿದ್ಯಾರ್ಥಿ ಸಂಘದಲ್ಲಿ ಯಾರ ಹೊಣೆ ಏನು?

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಸಂಘಕ್ಕೆ ಚುನಾವಣೆ ಬರುತ್ತಿದೆ. ಯಾರು ನಿಲ್ಲಬಹುದು? ಗೆದ್ದವರ ಕೆಲಸವೇನು?

ಉತ್ತರ 1: ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗೆ ನಡೆಯಬೇಕೆಂದು ಹೇಳಿದ 2006ರ ಲಿಂಗ್ಡೋ ಸಮಿತಿಯ ಶಿಫಾರಸು ಓದಿ. ಅದನ್ನು ಜಾರಿಗೆ ತರಲು ಸುಪ್ರೀಂ ಕೋರ್ಟ್ ಹೇಳಿದೆ. ಸಂಶೋಧನಾ ವಿದ್ಯಾರ್ಥಿಗೆ ವಯೋಮಿತಿ 28. ಪದಾಧಿಕಾರಿ ಸ್ಥಾನಕ್ಕೆ ಒಮ್ಮೆ, ಕಾರ್ಯಕಾರಿ ಸಮಿತಿಗೆ ಎರಡು ಸಲ ಮಾತ್ರ ಸ್ಪರ್ಧಿಸಬಹುದು. ಖರ್ಚು 5,000 ರೂಪಾಯಿ ದಾಟಬಾರದು. ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಒಪ್ಪಿಸಿ, ತಪ್ಪಿದರೆ ಗೆಲುವೇ ರದ್ದಾದೀತು. ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದೇ ಆಗಬೇಕು.

ಉತ್ತರ 2: ಅಧ್ಯಕ್ಷರು ಸಭೆ ನಡೆಸುತ್ತಾರೆ, ಆಡಳಿತದ ಜೊತೆ ಮಾತಾಡುತ್ತಾರೆ. ನಿಜವಾದ ಭಾರ ಕಾರ್ಯದರ್ಶಿಯದು: ಸಭೆಯ ನೋಟಿಸು, ನಡಾವಳಿ, ಪತ್ರವ್ಯವಹಾರ. ಖಜಾಂಚಿ ಒಬ್ಬರ ಸಹಿಗೇ ಹಣ ಬಿಡುವಂತೆ ಖಾತೆ ಇಡಬೇಡಿ, ಜಂಟಿ ಸಹಿ ಇರಲಿ.

ಉತ್ತರ 3: ಹಳಬರು ಪ್ರಬಂಧ ಒಪ್ಪಿಸಿ ಊರು ಬಿಟ್ಟರೆ ಬ್ಯಾಂಕಿನಲ್ಲಿ ಸಹಿ ಬದಲಾಗದೆ ಹಣ ಸಿಕ್ಕಿಕೊಳ್ಳುತ್ತದೆ. ಸಹಿ ಬದಲಿಸುವ ಠರಾವನ್ನು ಮೊದಲ ಸಭೆಯಲ್ಲೇ ಬರೆಸಿ.