ಹೇಳಿಕೆ ಲೆಕ್ಕ ಬಂದ ಕೂಡಲೇ ಮಗ ಪೆನ್ಸಿಲ್ ಕೆಳಗಿಡುತ್ತಾನೆ. ನೀವೆಲ್ಲ ಹೇಗೆ ಕಲಿಸಿದಿರಿ?

ಐದನೇ ತರಗತಿ ತಾಯಿ:
ಮಗನಿಗೆ ಕೂಡುವುದು, ಕಳೆಯುವುದು, ಮಗ್ಗಿ ಎಲ್ಲ ಚೆನ್ನಾಗಿ ಬರುತ್ತದೆ. ಓದುವುದೂ ಸರಾಗ. ಅದೇ ಲೆಕ್ಕವನ್ನು ನಾಲ್ಕು ವಾಕ್ಯದಲ್ಲಿ ಕೊಟ್ಟರೆ ಪೂರ್ತಿ ಓದುವುದೇ ಇಲ್ಲ, "ಅಮ್ಮಾ, ಇದು ಕೂಡೋದಾ ಗುಣಿಸೋದಾ?" ಅಂತ ಕೇಳುತ್ತಾನೆ. ಒಂದು ಹೆಜ್ಜೆಯ ಲೆಕ್ಕ ಹೇಗೋ ಮಾಡುತ್ತಾನೆ. ಎರಡು ಹೆಜ್ಜೆ ಇದ್ದರೆ ಮೊದಲ ಉತ್ತರಕ್ಕೇ ನಿಲ್ಲಿಸಿಬಿಡುತ್ತಾನೆ. ಹಂತ ಹಂತವಾಗಿ ಹೋಗುವ ಒಂದು ದಾರಿ ಯಾರಿಗಾದರೂ ಕೈ ಹಿಡಿದಿದ್ದರೆ ಹೇಳಿ.

ಅವಳಿ ಮಕ್ಕಳ ಅಪ್ಪ:
ಪಟ್ಟಿ ಎಳೆಸಿ, ಅಂದರೆ ಒಟ್ಟನ್ನು ಒಂದು ಉದ್ದ ಪಟ್ಟಿಯ ಚಿತ್ರವಾಗಿ ಬರೆದು ಸಮ ಮನೆಗಳಾಗಿ ಭಾಗ ಮಾಡಿಸಿ. ಬೇರೆ ಏನೂ ಬೇಡ. ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಇದನ್ನು ಕಲಿಸುತ್ತಿದ್ದಾರೆ. ನನ್ನ ಮಗಳು ಭಿನ್ನರಾಶಿಯ ಹೇಳಿಕೆ ಲೆಕ್ಕದಲ್ಲಿ ಒಂದು ವರ್ಷ ಪೂರ್ತಿ ಒದ್ದಾಡಿದಳು. ಒಂದು ಲೆಕ್ಕ ನನಗೆ ಬಾಯಿಪಾಠ ಆಗಿಬಿಟ್ಟಿದೆ: ಒಂದು ಪುಸ್ತಕದ 2/5 ಭಾಗ ಮೊದಲ ದಿನ ಓದಿದಳು, ಉಳಿದದ್ದರಲ್ಲಿ 1/3 ಭಾಗ ಎರಡನೇ ದಿನ ಓದಿದಳು, ಇನ್ನೂ 60 ಪುಟ ಬಾಕಿ ಇದೆ, ಒಟ್ಟು ಪುಟ ಎಷ್ಟು? ಅವಳು 2/5ಕ್ಕೆ 1/3 ಕೂಡಿ 11/15 ಮಾಡಿದಳು. ಉಳಿದ 4/15 ಅಂದರೆ 60, ಹಾಗಾದರೆ 225 ಪುಟ. ನೋಡಿ, ಪೂರ್ಣ ಸಂಖ್ಯೆ ಬರುತ್ತದೆ! ತಪ್ಪಾಗಿದೆ ಅಂತ ಅನುಮಾನ ಬರಲು ದಾರಿಯೇ ಇಲ್ಲ. "ಉಳಿದದ್ದರಲ್ಲಿ" ಅನ್ನುವ ಮಾತು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪಟ್ಟಿ ಎಳೆದರೆ ಐದು ಮನೆ. ಎರಡಕ್ಕೆ ಬಣ್ಣ ಹಾಕು. ಉಳಿದದ್ದು ಮೂರು ಮನೆ, ಅದರಲ್ಲಿ ಒಂದಕ್ಕೆ ಬಣ್ಣ. ಈಗ ಖಾಲಿ ಇರೋದು ಎರಡು ಮನೆ, ಅದೇ 60. ಒಂದು ಮನೆಗೆ 30. ಐದು ಮನೆಗೆ 150. ಇಷ್ಟು ಬರಲು ನಾವು ಪಟ್ಟ ಪಾಡು ಸಣ್ಣದಲ್ಲ. ಮನೆಗಳು ಸಮ ಇರಬೇಕು ಅಂತ ಸ್ಕೇಲು ಹಿಡಿದು ಅಳೆಯುತ್ತಾ ಕೂರುತ್ತಿದ್ದಳು, ಏಳು ಭಾಗ ಬಂದರೆ ಅಳಿಸಿ ಅಳಿಸಿ ಹಾಳೆ ತೂತಾಗುತ್ತಿತ್ತು, ಪರೀಕ್ಷೆಯಲ್ಲಿ ಸಮಯ ಸಾಲದೆ ಕೊನೆಯ ಎರಡು ಲೆಕ್ಕ ಖಾಲಿ ಬಿಟ್ಟು ಬಂದಳು. ಅದರ ಮೇಲೆ ಸರಿಯಾದ ಉತ್ತರಕ್ಕೂ ಅರ್ಧ ಮಾರ್ಕು ಕಡಿದರು, "ಚಿತ್ರ ಬರೆಯಲು ಯಾರು ಹೇಳಿದರು" ಅಂತ. ಅವಳ ಅವಳಿ ತಮ್ಮ ಪಟ್ಟಿ ಮುಟ್ಟಲೇ ಇಲ್ಲ, ಅವನ ಕಥೆ ಬೇರೆ.

ನಿವೃತ್ತ ಮೇಷ್ಟ್ರು:
ಅರವತ್ತು ಮಕ್ಕಳ ತರಗತಿಯಲ್ಲಿ ಪಟ್ಟಿ ಎಳೆಸಿ ನೋಡಿ, ಆಮೇಲೆ ಮಾತಾಡೋಣ. ನಾನು ಸರ್ವೀಸು ಪೂರ್ತಿ ಸುಳಿವು ಪದ ಕಲಿಸಿದವನು. "ಒಟ್ಟು" ಬಂದರೆ ಕೂಡು. "ಉಳಿದದ್ದು" ಬಂದರೆ ಕಳೆ. "ಸಮನಾಗಿ ಹಂಚಿದರೆ" ಬಂದರೆ ಭಾಗಿಸು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದೆ. ಲೆಕ್ಕ ಅಂದರೆ ಅಳುತ್ತಿದ್ದ ಮಕ್ಕಳು ಕೊನೇ ಪಕ್ಷ ಪೆನ್ಸಿಲ್ ಹಿಡಿದರು, ಏನೋ ಒಂದು ಬರೆದರು, ಪಾಸಾದರು. ಖಾಲಿ ಉತ್ತರ ಪತ್ರಿಕೆ ತಿದ್ದುವ ಸಂಕಟ ತಿದ್ದಿದವರಿಗೆ ಮಾತ್ರ ಗೊತ್ತು. ನನ್ನ ಮಕ್ಕಳ ಬಗ್ಗೆ ನನಗೆ ಹೆಮ್ಮೆಯಿದೆ.

ಟ್ಯೂಷನ್ ಅಕ್ಕ:
ಮೇಷ್ಟ್ರೇ, ಆ ಮಕ್ಕಳು ಆರನೇ, ಏಳನೇ ತರಗತಿಗೆ ಬಂದಾಗ ನನ್ನ ಹತ್ತಿರ ಬರುತ್ತಾರೆ. "ರಾಜು ಹತ್ತಿರ 12 ಗೋಲಿ ಇವೆ. ಇದು ರವಿ ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ರವಿ ಹತ್ತಿರ ಎಷ್ಟಿವೆ?" ಜಾಸ್ತಿ ಅಂತ ಕಂಡ ತಕ್ಷಣ 17 ಅಂತ ಬರೆಯುತ್ತಾರೆ. ಉತ್ತರ 7. ಲೆಕ್ಕ ಕೊಡುವವರಿಗೂ ನಿಮ್ಮ ಸುಳಿವು ಪದಗಳು ಗೊತ್ತು, ಅವರು ಬೇಕಂತಲೇ ತಿರುಗಿಸಿ ಕೊಡುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಸಣ್ಣ ತರಗತಿಯ 97 ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 76 ಮಕ್ಕಳು ಆ ಅಂಕಿಗಳನ್ನೇ ಹಿಡಿದು ಒಂದು ವಯಸ್ಸು ಲೆಕ್ಕ ಹಾಕಿ ಕೊಟ್ಟರು. ಪ್ರಶ್ನೆ ಏನು ಅಂತಲೇ ನೋಡಲಿಲ್ಲ.

ನಾನು ಮಾಡಿಸೋದು ಹೀಗೆ. ಅಂಕಿಗಳ ಮೇಲೆ ಸಣ್ಣ ಚೀಟಿ ಅಂಟಿಸುತ್ತೇನೆ. ಅಂಕಿ ಇಲ್ಲದೆ ಕಥೆ ಹೇಳು ಅನ್ನುತ್ತೇನೆ: ಯಾರ ಹತ್ತಿರ ಜಾಸ್ತಿ ಇದೆ, ಯಾರ ಹತ್ತಿರ ಕಮ್ಮಿ ಇದೆ, ಏನು ಬದಲಾಯಿತು. ಆಮೇಲೆ ಉತ್ತರದ ವಾಕ್ಯವನ್ನು ಮೊದಲೇ ಬರೆಸುತ್ತೇನೆ, "ರವಿ ಹತ್ತಿರ ___ ಗೋಲಿ ಇವೆ" ಅಂತ. ಬರುವ ಉತ್ತರ 12ಕ್ಕಿಂತ ದೊಡ್ಡದಾ, ಚಿಕ್ಕದಾ? ಅದನ್ನು ಹೇಳಿದ ಮೇಲೇ ಚೀಟಿ ತೆಗೆಯೋದು. ಹೀಗೆ ಮಾಡಿ ನಾನು ಕಳಕೊಂಡದ್ದೂ ಇದೆ. ಒಬ್ಬ ಹುಡುಗಿಗೆ ಗೋಡೆಯ ಸುಳಿವು ಪದ ಮರೆಸುವುದಕ್ಕೇ ಅರ್ಧ ವರ್ಷ ಹಿಡಿಯಿತು. ನೋಟ್ಸ್ ತುಂಬಿಲ್ಲ, ದಿನಕ್ಕೆ ಎರಡೇ ಲೆಕ್ಕ ಮಾಡಿಸ್ತಾರೆ ಅಂತ ಮನೆಯವರು ಬಿಡಿಸಿಕೊಂಡು ಹೋದರು. ಅವಳು ಆಗಷ್ಟೇ ತಾನಾಗಿ ಕಥೆ ಹೇಳಲು ಶುರು ಮಾಡಿದ್ದಳು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಿವೃತ್ತ ಮೇಷ್ಟ್ರು:
ನಾಲ್ಕು ಮಕ್ಕಳನ್ನು ಚಾಪೆ ಮೇಲೆ ಕೂರಿಸಿಕೊಂಡು ಚೀಟಿ ಅಂಟಿಸುವುದು ಸುಲಭ. ಅರವತ್ತು ಪುಸ್ತಕಕ್ಕೆ ಯಾರು ಅಂಟಿಸ್ತಾರೆ?

ಟ್ಯೂಷನ್ ಅಕ್ಕ:
ಬೋರ್ಡಿನ ಮೇಲೆ ಅಂಕಿ ಬರೆಯದೇ ಲೆಕ್ಕ ಬರೆಯಿರಿ. ಅಷ್ಟೇ ಅಲ್ವಾ?

ಎಂಜಿನಿಯರಿಂಗ್ ಹುಡುಗ:
ಪಟ್ಟಿ, ಚೀಟಿ ಇದೆಲ್ಲ ಎಷ್ಟು ದಿನ? ಗೊತ್ತಿಲ್ಲದ್ದಕ್ಕೆ ಎಕ್ಸ್ ಅಂತಿಟ್ಟು ವಾಕ್ಯವನ್ನು ಸಮೀಕರಣ ಮಾಡಿದರೆ ಮುಗಿಯಿತು. ಅಪ್ಪನ ವಯಸ್ಸು ಮಗನ ಮೂರರಷ್ಟು, 10 ವರ್ಷ ಆದ ಮೇಲೆ ಎರಡರಷ್ಟು. 3ಎಕ್ಸ್ + 10 = 2(ಎಕ್ಸ್ + 10). ಎಕ್ಸ್ 10. ಮಗನಿಗೆ 10, ಅಪ್ಪನಿಗೆ 30. ನನಗೆ ಇದನ್ನು ಏಳನೇ ತರಗತಿವರೆಗೆ ಯಾರೂ ಹೇಳಿಕೊಡಲಿಲ್ಲ, ಅಷ್ಟು ವರ್ಷ ಊಹೆ ಮಾಡಿ ಮಾಡಿ ತಾಳೆ ನೋಡುತ್ತಾ ಕಳೆದೆ. ಆ ವರ್ಷಗಳನ್ನು ಯಾರು ವಾಪಸ್ ಕೊಡ್ತಾರೆ?

ಅವಳಿ ಮಕ್ಕಳ ಅಪ್ಪ:
ತಮ್ಮಾ, ಇದೂ ಪಟ್ಟಿಯಲ್ಲಿ ಬರುತ್ತದೆ. ಮಗ ಒಂದು ಮನೆ, ಅಪ್ಪ ಮೂರು ಮನೆ. ಇಬ್ಬರಿಗೂ 10 ಸೇರಿಸು. ಅಪ್ಪನ ಮೂರು ಮನೆ ಮತ್ತು 10 ಅಂದರೆ ಮಗನ ಎರಡು ಮನೆ ಮತ್ತು 20. ಎರಡೂ ಕಡೆಯಿಂದ ಎರಡು ಮನೆ, ಒಂದು 10 ತೆಗೆದುಬಿಡು. ಒಂದು ಮನೆ 10. ಹತ್ತು ವರ್ಷದ ಮಗುವಿಗೆ ಎಕ್ಸ್ ಕೊಟ್ಟರೆ ಅದು ಅಕ್ಷರ ನೋಡಿಯೇ ಹೆದರುತ್ತದೆ.

ಟ್ಯೂಷನ್ ಅಕ್ಕ:
ಅಕ್ಷರ ಇಟ್ಟ ಮಾತ್ರಕ್ಕೆ ಅರ್ಥ ಬರಲ್ಲ ಕಣಪ್ಪಾ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಎಂಜಿನಿಯರಿಂಗ್ ಮೊದಲ ವರ್ಷದವರಿಗೇ ಕೇಳಿದ್ದರು: ಒಬ್ಬ ಪ್ರೊಫೆಸರಿಗೆ ಆರು ವಿದ್ಯಾರ್ಥಿಗಳಂತೆ ಇದ್ದರೆ ಸಮೀಕರಣ ಬರೆಯಿರಿ ಅಂತ. ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ತಪ್ಪು ಬರೆದರು. ಅದರಲ್ಲಿ ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಅಕ್ಷರದ ಪಕ್ಕ ಇಟ್ಟಿದ್ದರು. ಪ್ರೊಫೆಸರ್‌ಗಳ ಸಂಖ್ಯೆಯನ್ನು ಆರರಿಂದ ಗುಣಿಸಿದರೆ ತಾನೇ ವಿದ್ಯಾರ್ಥಿಗಳ ಸಂಖ್ಯೆ ಬರೋದು, ಹಾಗಾಗಿ ಆರು ಇರಬೇಕಾದ್ದು ಪ್ರೊಫೆಸರ್ ಪಕ್ಕ. ವಾಕ್ಯದ ಸಾಲು ಹಿಡಿದು ಹಾಗೇ ಬರೆದರೆ ಹೀಗಾಗುತ್ತದೆ.

ಎಂಜಿನಿಯರಿಂಗ್ ಹುಡುಗ:
ನಾನು ಹಾಗೆ ಬರೆಯಲ್ಲ. ಒಂದೊಂದು ಅಂಕಿ ಹಾಕಿ ತಾಳೆ ನೋಡ್ತೀನಿ.

ಪ್ರೌಢಶಾಲೆ ಶಿಕ್ಷಕಿ:
ಆ ತಾಳೆ ನೋಡುವುದನ್ನೇ ಎಲ್ಲರೂ ಬಿಟ್ಟಿದ್ದೀರಿ. ಗಣಿತಜ್ಞ ಪೋಲ್ಯ 1945ರಲ್ಲೇ ಲೆಕ್ಕ ಬಿಡಿಸಲು ನಾಲ್ಕು ಹಂತ ಹೇಳಿದ್ದಾರೆ: ಅರ್ಥ ಮಾಡಿಕೋ, ಯೋಜನೆ ಹಾಕು, ಮಾಡು, ಹಿಂತಿರುಗಿ ನೋಡು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಅಮೆರಿಕದ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು, 1128 ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ ಬೇಕು. "31, ಶೇಷ 12" ಅಂತ ಬರೆದವರು 32 ಅಂದವರಿಗಿಂತ ಜಾಸ್ತಿ. ಭಾಗಾಕಾರ ಸರಿಯಾಗಿಯೇ ಇತ್ತು. ಆ 12 ಜನ ಹೇಗೆ ಹೋಗಬೇಕು ಅಂತ ಕೇಳಿಕೊಳ್ಳಲಿಲ್ಲ. ನಮ್ಮಲ್ಲಿ ಉತ್ತರವನ್ನು ಪ್ರಶ್ನೆಯೊಳಗೆ ವಾಪಸ್ ಹಾಕಿ ಓದು ಅಂತ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ, ಸಿಲಬಸ್ ಮುಗಿಸಿಲ್ಲ ಅಂತ ನೋಟಿಸೂ ತಿಂದಿದ್ದೇನೆ. ಆದರೂ ಬಿಟ್ಟಿಲ್ಲ.

ಐದನೇ ತರಗತಿ ತಾಯಿ:
ಉತ್ತರದ ವಾಕ್ಯ ಮೊದಲೇ ಬರೆಸೋದು ನಮ್ಮವನಿಗೆ ಸರಿ ಅನಿಸುತ್ತಿದೆ, ಮೊದಲ ಹೆಜ್ಜೆಗೇ ನಿಲ್ಲಿಸುವುದು ಅದರಿಂದ ತಪ್ಪಬಹುದು. ಪಟ್ಟಿಯೂ ಇಷ್ಟವಾಯಿತು. ಆದರೆ ಪಟ್ಟಿ ಬರೆದರೆ ನಿಜವಾಗಿಯೂ ಮಾರ್ಕು ಕಡಿತಾರಾ?

ನಿವೃತ್ತ ಮೇಷ್ಟ್ರು:
ಸುಮ್ನೆ ಹೆದರಿಸಬೇಡಿ ಅವರನ್ನು. ಪಟ್ಟಿಯ ಕೆಳಗೆ 60 ÷ 2 = 30, 30 × 5 = 150 ಅಂತ ಎರಡು ಸಾಲು ಇದ್ದರೆ ಯಾವ ಮೇಷ್ಟ್ರೂ ಮಾರ್ಕು ಕಡಿಯಲ್ಲ. ನಾನಂತೂ ಕಡಿದಿಲ್ಲ.

ಅವಳಿ ಮಕ್ಕಳ ಅಪ್ಪ:
ಆ ಎರಡೂ ಸಾಲು ಬರೆದಿದ್ದಳು ಸಾರ್. ಉತ್ತರ ಪತ್ರಿಕೆ ಇನ್ನೂ ನನ್ನ ಹತ್ತಿರವೇ ಇದೆ.