ಬ್ಲ್ಯಾಕ್ ಹಿಸ್ಟರಿಗೆ ಫೆಬ್ರವರಿ ಒಂದೇ ತಿಂಗಳು: ಇಟ್ಟುಕೊಳ್ಳೋದಾ, ಬಿಡೋದಾ?

ಎಡಿಸನ್_ಪೋಷಕ:
ನ್ಯೂಜೆರ್ಸಿ ಶಾಲೆ, 5ನೇ ಕ್ಲಾಸು. ಅಮೆರಿಕದಲ್ಲಿ ಫೆಬ್ರವರಿ ಅಂದರೆ ಬ್ಲ್ಯಾಕ್ ಹಿಸ್ಟರಿ ಮಂತ್, ಕಪ್ಪು ಜನರ ಇತಿಹಾಸದ ತಿಂಗಳು. ಅದಕ್ಕೆ ಪೋಷಕರ ಸಮಿತಿಯವರು ಏನಾದರೂ ಮಾಡಬೇಕಂತೆ. ಪ್ರತಿ ವರ್ಷ ಅದೇ ಮಾರ್ಟಿನ್ ಲೂಥರ್ ಕಿಂಗ್, ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಡದ ಅದೇ ರೋಸಾ ಪಾರ್ಕ್ಸ್ ಪೋಸ್ಟರ್. ಮಾರ್ಚ್ 1ಕ್ಕೆ ಗೋಡೆ ಖಾಲಿ. ಇದನ್ನು ಬಿಟ್ಟು ವರ್ಷದ ಪಾಠದಲ್ಲೇ ಸೇರಿಸಿ ಅಂತ ಕೇಳೋಣ ಅನಿಸುತ್ತೆ. ಆಮೇಲೆ ಇರೋದೂ ಹೋದರೆ ಅನ್ನೋ ಅಳುಕು. ತಿಳಿದವರು ಹೇಳಿ.

ಪಾಠಪಟ್ಟಿ:
ಎರಡರಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ ಸರ್. 1926ರಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ ಶುರು ಮಾಡಿದ್ದು ಒಂದು ವಾರ ಮಾತ್ರ, ಲಿಂಕನ್ (ಫೆ. 12) ಮತ್ತು ಗುಲಾಮಗಿರಿ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ (ಫೆ. 14) ಹುಟ್ಟುಹಬ್ಬಗಳನ್ನು ನೋಡಿಕೊಂಡು. ವರ್ಷವಿಡೀ ಕಲಿತದ್ದನ್ನು ಮಕ್ಕಳು ಆ ವಾರ ತೋರಿಸಲಿ ಅನ್ನೋದು ಅವರ ಲೆಕ್ಕ. 1976ರಲ್ಲಿ ವಾರ ತಿಂಗಳಾಯಿತು, ವರ್ಷದ ಪಾಠ ಹಿಂದೆ ಬಿತ್ತು.

ನಿಮ್ಮ ರಾಜ್ಯದಲ್ಲಿ ಕೇಳೋಕೆ ಕಾನೂನೇ ಇದೆ, 2002ರ ಅಮಿಸ್ಟಾಡ್ ಕಾಯ್ದೆ: ಈ ಇತಿಹಾಸ ಸಮಾಜ ಪಾಠದೊಳಗೇ ಬರಬೇಕು. ಹಾಗಾಗಿ "ತಿಂಗಳು ಬೇಡ" ಅಂತ ಅರ್ಜಿ ಹಾಕಬೇಡಿ. ಸೆಪ್ಟೆಂಬರಲ್ಲೇ ಟೀಚರ್ ಹತ್ರ ವರ್ಷದ ಪಾಠಗಳ ಪಟ್ಟಿ ಇಸ್ಕೊಂಡು ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ. ಕ್ರಾಂತಿಯುದ್ಧದ ಎದುರು, ಬಿಡುಗಡೆಯ ಭರವಸೆ ಕೊಟ್ಟು ಗುಲಾಮರನ್ನು ಸೇರಿಸಿಕೊಂಡ 1778ರ ರೋಡ್ ಐಲೆಂಡ್ ರೆಜಿಮೆಂಟ್. ಸಂವಿಧಾನದ ಎದುರು, ಐದರಲ್ಲಿ ಮೂರು ಪಾಲಿನ ಲೆಕ್ಕ: ಸಂಸತ್ತಿನಲ್ಲಿ ದಕ್ಷಿಣದ ರಾಜ್ಯಗಳ ಸೀಟು ಹೆಚ್ಚಿಸೋಕೆ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಿದರು, ಓಟು ಮಾತ್ರ ಕೊಡಲಿಲ್ಲ. ಕಾಲಂ ಎಲ್ಲಿ ಖಾಲಿ ಉಳಿಯುತ್ತೋ ಅಲ್ಲಿಗೆ ಸಮಿತಿಯ ದುಡ್ಡು, ಪುಸ್ತಕ.

ಮಲೆನಾಡ_ಮೇಷ್ಟ್ರು:
ಒಂದು ತಕರಾರು. ತಾರೀಖಿಲ್ಲದ ಕೆಲಸ ಯಾರ ತಲೆಗೂ ಬರಲ್ಲ. "ಎಲ್ಲಾ ಪಾಠದಲ್ಲೂ ಇದೆ" ಅಂದದ್ದನ್ನೇ ಪರೀಕ್ಷೆ ಹತ್ತಿರ ಬಂದಾಗ ಮೊದಲು ಹಾರಿಸೋದು. ಕಾನೂನನ್ನೂ ಪೂರ್ತಿ ನಂಬಬೇಡಿ: ಫ್ಲೋರಿಡಾದಲ್ಲಿ 1994ರಿಂದ ಕಲಿಸೋದು ಕಡ್ಡಾಯ, ಆದರೂ 2023ರಲ್ಲಿ ಹೈಸ್ಕೂಲಿನ ಎಪಿ (ಕಾಲೇಜು ಮಟ್ಟದ ಕೋರ್ಸ್) ಆಫ್ರಿಕನ್ ಅಮೆರಿಕನ್ ಸ್ಟಡೀಸ್‌ಗೆ ರಾಜ್ಯ ಒಪ್ಪಲಿಲ್ಲ. ಗಟ್ಟಿ ಕೆಲಸ ಫಿಲಡೆಲ್ಫಿಯಾದ್ದು. ಅಲ್ಲಿ ಈ ವಿಷಯ ಓದದೆ ಹೈಸ್ಕೂಲ್ ಮುಗಿಯಲ್ಲ ಅಂತ 2005ರಲ್ಲೇ ಮಾಡಿದರು. ನಾವೂ ನವೆಂಬರ್ ಕನ್ನಡಿಗರನ್ನು ಆಡಿಕೊಳ್ತೀವಿ, ಹಾಗಂತ ರಾಜ್ಯೋತ್ಸವ ನಿಲ್ಲಿಸಿ ಅಂತೀವಾ?

ಕರಪತ್ರ:
ಮೇಷ್ಟ್ರ ಮಾತು ಸರಿ, ತಿಂಗಳು ಇರಲಿ. ಆದರೆ ಕ್ಲಾಸು ಇನ್ನೂ ವಸಾಹತುಗಳ ಕಾಲದಲ್ಲಿರುವಾಗ 1955ರ ಬಸ್ಸು ಎಲ್ಲಿಂದಲೋ ಬಂದು ನಿಂತರೆ ಮಕ್ಕಳ ತಲೆಯಲ್ಲಿ ಉಳಿಯೋದು "ಸುಸ್ತಾದ ಹೆಂಗಸು ಎದ್ದೇಳಲಿಲ್ಲ" ಅಷ್ಟೇ. ಪೋಸ್ಟರ್ ತೆಗೆಯಬೇಡಿ, ಸುತ್ತಲಿನದನ್ನು ಸೇರಿಸಿ. ಪಾರ್ಕ್ಸ್ ಅರೆಸ್ಟ್ ಆಗಿದ್ದು ಡಿಸೆಂಬರ್ 1ಕ್ಕೆ. ಅದೇ ವರ್ಷ ಮಾರ್ಚ್ 2ಕ್ಕೇ, ಅದೇ ಮಾಂಟ್ಗೊಮರಿಯಲ್ಲಿ, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡದೆ ಅರೆಸ್ಟ್ ಆಗಿದ್ದಳು. ಬಸ್ಸಿನಲ್ಲಿ ಕಪ್ಪು-ಬಿಳಿಯರನ್ನು ಬೇರೆ ಬೇರೆ ಕೂರಿಸೋ ಪ್ರತ್ಯೇಕತೆಯನ್ನು ಕೋರ್ಟಿನಲ್ಲಿ ಬೀಳಿಸಿದ ಕೇಸಿನ ಫಿರ್ಯಾದಿಗಳಲ್ಲಿ ಅವಳೂ ಒಬ್ಬಳು, ಪಾರ್ಕ್ಸ್ ಅದರಲ್ಲಿ ಇರಲಿಲ್ಲ. ಪಾರ್ಕ್ಸ್ ಅರೆಸ್ಟ್ ಆದಾಗ ಜೋ ಆನ್ ರಾಬಿನ್ಸನ್ ಕಾಲೇಜಿನ ಮಿಮಿಯೋಗ್ರಾಫ್‌ನಲ್ಲಿ (ಪ್ರತಿ ತೆಗೆಯೋ ಯಂತ್ರ) ರಾತ್ರೋರಾತ್ರಿ ಬಸ್ ಹತ್ತಬೇಡಿ ಅನ್ನೋ ಸಾವಿರಾರು ಕರಪತ್ರ ತೆಗೆದರು. 381 ದಿನ ಬಸ್ ಹತ್ತದವರು ಕೆಲಸಕ್ಕೆ ಹೋಗಿದ್ದು ಹೇಗೆ? ಕಾರುಗಳ ಸರದಿ ಹೇಗೆ ನಡೆಸಿದರು? ಮಕ್ಕಳ ಕೈಲಿ ಊರಿನ ನಕ್ಷೆ ಬರೆಸಿ ಪಿಕಪ್ ಜಾಗ ಗುರುತು ಹಾಕಿಸಿ, ಒಂದು ಪೀರಿಯಡ್ ಸಾಕು.

ಗುಲಾಮರ ಹರಾಜಿನ ಅಣಕು ಆಟ ಮಾತ್ರ ಬೇಡವೇ ಬೇಡ. ಹರಾಜಾಗೋ ಪಾತ್ರಕ್ಕೆ ಕ್ಲಾಸಿನ ಕಣ್ಣೆಲ್ಲ ಯಾವ ಮಗುವಿನ ಕಡೆ ತಿರುಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಎಡಿಸನ್_ಪೋಷಕ:
ಸೆಪ್ಟೆಂಬರ್ ದಾಟಿದೆಯಲ್ಲ, ಈಗ ಪಟ್ಟಿ ಕೇಳಬಹುದಾ?

ಪಾಠಪಟ್ಟಿ:
ಧಾರಾಳವಾಗಿ. ಇನ್ನೂ ಬಾಕಿ ಇರೋ ಪಾಠಗಳಿಗಷ್ಟೇ ಕೇಳಿ, ಟೀಚರ್‌ಗೂ ಭಾರ ಆಗಲ್ಲ.