ಹಾಲೆಂಡಿನ ಹಳ್ಳಿಯಲ್ಲಿ ಮನೆ ಕೊಳ್ಳೋದಾ, ಬೇಡವಾ? ಅನುಭವ ಇದ್ದವರು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾವು ಐಂಡ್‌ಹೋವನ್‌ಗೆ ಬಂದು ನಾಲ್ಕು ವರ್ಷ ಆಯಿತು, ಬಾಡಿಗೆ ಫ್ಲಾಟ್‌ನಲ್ಲಿದ್ದೇವೆ. ನನ್ನ ಆಫೀಸು ವೆಲ್ಡ್‌ಹೋವನ್‌ನಲ್ಲಿ. ನನಗೆ 36, ಹೆಂಡತಿಗೆ 33, ಮಗಳಿಗೆ ಮೂರು ತುಂಬಿದೆ. ನ್ಯೂನೆನ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ಮನೆ ನೋಡಿದ್ದೇವೆ. 1978ರಲ್ಲಿ ಕಟ್ಟಿದ್ದು. ಒಂದು ಪಕ್ಕದ ಗೋಡೆ ಮಾತ್ರ ಪಕ್ಕದ ಮನೆಗೆ ಅಂಟಿದೆ. ಹಿಂದೆ ತೋಟ, ಎದುರಿಗೆ ಮೆಕ್ಕೆಜೋಳದ ಹೊಲ. ಹೇಳುತ್ತಿರುವ ಬೆಲೆ 4.75 ಲಕ್ಷ ಯೂರೋ. ಶನಿವಾರ ಮಧ್ಯಾಹ್ನ ಹೋಗಿದ್ದೆವು. ಹಕ್ಕಿ ಕೂಗೋದು ಬಿಟ್ಟರೆ ಒಂದು ಸದ್ದಿಲ್ಲ. ನನಗೆ ತುಂಬಾ ಹಿಡಿಸಿತು. ಹೆಂಡತಿ ಮಾತ್ರ ‘ನಿಮಗೆ ಇಷ್ಟ ಆದರೆ ಸರಿ’ ಅಂತಾಳೆ, ಅಷ್ಟೇ. ವರ್ಷಕ್ಕೊಮ್ಮೆ ಹಾಸನದಿಂದ ಅಪ್ಪ ಅಮ್ಮ ಬಂದು ಮೂರು ತಿಂಗಳು ಇರುತ್ತಾರೆ. ಬಿಡ್ ಹಾಕಲು ಮುಂದಿನ ಗುರುವಾರದವರೆಗೆ ಟೈಮ್ ಇದೆ. ಏನೇನು ನೋಡಬೇಕು, ನಿಮಗೆ ಏನಾಯಿತು, ಹೇಳಿ.

ಎರಡು ಚಳಿಗಾಲ ಹಳ್ಳಿಯಲ್ಲಿದ್ದು ಪಟ್ಟಣಕ್ಕೆ ವಾಪಸ್ ಬಂದವರು

‘ನಿಮಗೆ ಇಷ್ಟ ಆದರೆ ಸರಿ’ ಅನ್ನೋದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ನಾನೂ ನಮ್ಮ ಯಜಮಾನರಿಗೆ ಹಾಗೇ ಹೇಳಿದ್ದೆ.

ನಾವು ಮನೆ ನೋಡಿದ್ದು ಮೇ ತಿಂಗಳಲ್ಲಿ. ಆಗ ಇಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ತೋಟದಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವ ಕನಸು ಕಂಡೆವು. ಕೀಲಿ ಕೈಗೆ ಬಂದಿದ್ದು ಅಕ್ಟೋಬರ್ ಕೊನೆಗೆ. ನವೆಂಬರ್‌ನಲ್ಲಿ ಐದು ಗಂಟೆಗೇ ಕತ್ತಲು, ಜೊತೆಗೆ ಜಿಟಿಜಿಟಿ ಮಳೆ. ಇವರು ಬೆಳಿಗ್ಗೆ ಏಳೂವರೆಗೆ ಹೊರಟರೆ ಸಂಜೆ ಆರಕ್ಕೆ ಬರುತ್ತಿದ್ದರು. ನನಗೆ ಕೆಲಸ ಇರಲಿಲ್ಲ, ಲೈಸೆನ್ಸ್ ಇರಲಿಲ್ಲ. ಬಸ್ಸು ಗಂಟೆಗೊಂದು, ಭಾನುವಾರ ಅದೂ ಇಲ್ಲ. ಎದುರು ಮನೆಯವರು ದೊಡ್ಡ ಕಿಟಕಿಗೆ ಪರದೆ ಎಳೆಯುತ್ತಲೇ ಇರಲಿಲ್ಲ, ಇಲ್ಲಿ ತುಂಬಾ ಮನೆಗಳಲ್ಲಿ ಹಾಗೇ. ಒಳಗೆ ಹಳದಿ ದೀಪ, ಅಜ್ಜ ಅಜ್ಜಿ ಟಿವಿ ನೋಡುತ್ತಿರುತ್ತಿದ್ದರು. ನಾನು ಅವರನ್ನೇ ನೋಡಿಕೊಂಡು ಚಪಾತಿ ಲಟ್ಟಿಸುತ್ತಿದ್ದೆ. ಒಂದು ಸಂಜೆ ಆ ಕಿಟಕಿಯೂ ಕತ್ತಲಾಗಿತ್ತು. ಎಲ್ಲೋ ಪ್ರವಾಸಕ್ಕೆ ಹೋಗಿದ್ದರಂತೆ. ಅವತ್ತು ಲಟ್ಟಣಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಜನ ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ತಪ್ಪು ನಮ್ಮದೂ ಇತ್ತು. ಇಲ್ಲಿ ಹೊಸದಾಗಿ ಬಂದವರೇ ಅಕ್ಕಪಕ್ಕದ ಮನೆಗಳ ಬೆಲ್ ಒತ್ತಿ ‘ನಾವು ಇಂಥವರು’ ಅಂತ ಹೇಳಿ ಬರಬೇಕು. ಅವರು ಬರಲಿ ಅಂತ ನಾವು ಕಾದೆವು, ನಾವು ಬರಲಿ ಅಂತ ಅವರು ಕಾದರು. ಏಳು ತಿಂಗಳು ಹೀಗೇ ಹೋಯಿತು. ನಮ್ಮೂರಲ್ಲಿ ಲಾರಿಯಿಂದ ಸಾಮಾನು ಇಳಿಸುವಾಗಲೇ ಪಕ್ಕದ ಮನೆಯವರು ಟೀ ತರುತ್ತಾರೆ ನೋಡಿ, ನಮಗೆ ಅದೇ ಅಭ್ಯಾಸ.

ಇನ್ನೊಂದು ವಿಷಯ. ನಿಮಗೆ 30 ಪರ್ಸೆಂಟ್ ರೂಲಿಂಗ್, ಅಂದರೆ ಹೊರದೇಶದಿಂದ ಕೆಲಸಕ್ಕೆ ಬಂದವರಿಗೆ ಸಿಗುವ ತೆರಿಗೆ ರಿಯಾಯಿತಿ ಇದ್ದರೆ ಇಂಡಿಯಾದ ಡ್ರೈವಿಂಗ್ ಲೈಸೆನ್ಸನ್ನು ಪರೀಕ್ಷೆ ಇಲ್ಲದೆ ಡಚ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬಹುದು. ಜೊತೆಗಿರುವ ಹೆಂಡತಿಗೂ ಆ ಅವಕಾಶ ಇದೆ. ಅರ್ಜಿ ನಿಮ್ಮ ಖೆಮೇಂತೆಯಲ್ಲಿ, ಅಂದರೆ ಪುರಸಭೆಯಲ್ಲಿ ಕೊಡಬೇಕು. ನಮಗೆ ಇದು ಗೊತ್ತಾಗಿದ್ದು ಆ ಮನೆ ಮಾರಿದ ಮೇಲೆ!

ಆರು ವರ್ಷದಿಂದ ಹಳ್ಳಿಯಲ್ಲೇ ಇರುವವರು

ಮೇಲೆ ಬರೆದ ಅಕ್ಕನ ಮಾತು ನಿಜ, ಆದರೆ ಹಳ್ಳಿ ಅಂದರೆ ಅಷ್ಟೇ ಅಲ್ಲ. ನಮಗೆ ಚೆನ್ನಾಗಿ ಹೊಂದಿಕೊಂಡಿದೆ, ಅದಕ್ಕೆ ಮುಖ್ಯ ಕಾರಣ ಮಗ. ಇಲ್ಲಿ ಮಕ್ಕಳು ನಾಲ್ಕು ವರ್ಷಕ್ಕೆ ಶಾಲೆಗೆ ಸೇರುತ್ತಾರೆ, ಐದಕ್ಕೆ ಕಡ್ಡಾಯ. ಅವನು ಹಳ್ಳಿ ಶಾಲೆಗೆ ಸೇರಿದ ಮೇಲೆ ಗೇಟಿನ ಹತ್ತಿರ ದಿನಾ ಎರಡು ಸಲ ಅದೇ ಹತ್ತು ಹದಿನೈದು ಮುಖ ನೋಡಬೇಕಾಯಿತು. ಆರು ತಿಂಗಳಲ್ಲಿ ಹುಟ್ಟುಹಬ್ಬಗಳಿಗೆ ಕರೆಯಲು ಶುರು ಮಾಡಿದರು. ನಿಮ್ಮ ಮಗಳಿಗೆ ಮೂರು ತುಂಬಿದೆ ಅಂದರೆ ಸಮಯ ಸರಿಯಾಗಿದೆ. ಆದರೆ ಬಿಡ್ ಹಾಕುವ ಮೊದಲು ಶಾಲೆಗೆ ಫೋನ್ ಮಾಡಿ ಜಾಗ ಇದೆಯಾ ಕೇಳಿ. ಹಾಗೇ ಅಲ್ಲಿನ ಹೌಸ್‌ಆರ್ಟ್ಸ್, ಅಂದರೆ ಮನೆ ಡಾಕ್ಟರು ಹೊಸಬರನ್ನು ತಗೊಳ್ಳುತ್ತಾರಾ ಅಂತಲೂ ಕೇಳಿ. ಎಷ್ಟೋ ಕಡೆ ಪಟ್ಟಿ ತುಂಬಿದೆ ಅಂತ ವಾಪಸ್ ಕಳಿಸುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ತಿರ ನೇರ ಹೋಗೋಕೆ ಆಗಲ್ಲ, ಗೊತ್ತಲ್ವಾ.

ಇನ್ನು ಮನೆ ವಿಷಯ. ಅಪ್ಪ ಅಮ್ಮ ಬರುತ್ತಾರೆ ಅಂದಿರಿ. ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಕೆಳಗೆ ಬರೀ ಟಾಯ್ಲೆಟ್, ಅದೂ ಮೊಣಕಾಲು ಬಾಗಿಲಿಗೆ ತಾಗುವಷ್ಟು ಚಿಕ್ಕದು. ಬಚ್ಚಲು, ಮಲಗುವ ಕೋಣೆ ಎಲ್ಲ ಮಹಡಿ ಮೇಲೆ. ಮೆಟ್ಟಿಲೋ, ಅಟ್ಟದ ಏಣಿ ಇದ್ದ ಹಾಗೆ. ನಮ್ಮಮ್ಮ ಮೊದಲ ವರ್ಷ ಬಂದಾಗ ಬೆಳಿಗ್ಗೆ ಇಳಿದರೆ ರಾತ್ರಿವರೆಗೂ ಮೇಲೆ ಹತ್ತುತ್ತಿರಲಿಲ್ಲ. ಇಳಿಯುವಾಗ ಮಗುವಿನ ಹಾಗೆ ಒಂದೊಂದು ಮೆಟ್ಟಿಲ ಮೇಲೂ ಕೂತು ಕೂತು ಇಳಿಯುತ್ತಿದ್ದರು. ಮರುವರ್ಷ ಗ್ಯಾರೇಜನ್ನು ಒಂದು ಕೋಣೆ, ಒಂದು ಶವರ್ ಮಾಡಿಸಿದೆವು. ನೀವು ನೋಡಿದ ಮನೆಯಲ್ಲಿ ಅಂಥ ಜಾಗ ಇದೆಯಾ ನೋಡಿಕೊಳ್ಳಿ.

ಬೌಕುಂಡಿಗೆ ಕೌರಿಂಗ್, ಅಂದರೆ ಕಟ್ಟಡ ತಪಾಸಣೆ ಮಾಡಿಸಿ. ‘ತಪಾಸಣೆ ಇಲ್ಲದೆ ಕೊಂಡರೆ ನಿಮ್ಮ ಬಿಡ್ ಗಟ್ಟಿ’ ಅಂತ ಬ್ರೋಕರ್ ಹೇಳಬಹುದು, ಕಿವಿಗೆ ಹಾಕಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಮುಂಬಾಗಿಲ ಕಾಲೊರೆಸು ಎತ್ತಿದರೆ ಕೆಳಗೆ ಒಂದು ಮರದ ಮುಚ್ಚಳ. ತಪಾಸಣೆಯವನು ಅದನ್ನು ಎತ್ತಿ, ಟಾರ್ಚ್ ಹಿಡಿದು, ಹೊಟ್ಟೆ ಮೇಲೆ ತೆವಳಿಕೊಂಡು ನೆಲದಡಿ ಮಾಯವಾದ. ಹತ್ತು ನಿಮಿಷ ಬರೀ ಕೆರೆಯುವ ಸದ್ದು. ಹೊರಗೆ ಬಂದಾಗ ಮೊಣಕೈವರೆಗೂ ಒದ್ದೆ ಮಣ್ಣು. ಒಂದು ಪೈಪ್ ಸೋರುತ್ತಿತ್ತು, ಮಾರುವವರಿಗೇ ಗೊತ್ತಿರಲಿಲ್ಲ. ರಿಪೇರಿ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡೆವು. ಇನ್ನು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದನ್ನು ಇಲ್ಲಿ ನಿಷೇಧಿಸಿದ್ದು 1993ರಲ್ಲಿ. ನಿಮ್ಮದು 1978ರ ಮನೆ, ಆದ್ದರಿಂದ ಶೆಡ್ಡಿನ ಛಾವಣಿ, ಹಳೇ ಹೊಗೆ ಪೈಪು ನೋಡಲು ಹೇಳಿ.

ಅಡುಗೆಮನೆಯಲ್ಲಿ ಒಲೆ ಮೇಲಿನ ಚಿಮಣಿ ಹೊರಗೆ ಹೋಗುತ್ತಾ ನೋಡಿ. ಎಷ್ಟೋ ಮನೆಗಳಲ್ಲಿ ಗಾಳಿಯನ್ನು ಫಿಲ್ಟರ್ ಮಾಡಿ ಅದೇ ಕೋಣೆಗೆ ಬಿಡುತ್ತದೆ. ಆಲೂಗಡ್ಡೆ ಬೇಯಿಸುವವರಿಗೆ ಅದು ಸಾಕು. ಒಣಮೆಣಸಿನಕಾಯಿ ಒಗ್ಗರಣೆ ಹಾಕುವವರಿಗೆ ಸಾಲದು. ಪ್ರತಿ ಮಹಡಿಗೂ ಹೊಗೆ ಅಲಾರಂ 2022ರಿಂದ ಕಡ್ಡಾಯ. ಗೃಹಪ್ರವೇಶದ ದಿನ ಹಾಲು ಉಕ್ಕಿ ಒಲೆ ಮೇಲೆ ಸುಟ್ಟು, ಅದು ಕೂಗಿಕೊಂಡಿತು. ಪಕ್ಕದ ಮನೆಯವರು ಓಡಿ ಬಂದರು. ನಮ್ಮ ಪರಿಚಯ ಆಗಿದ್ದೇ ಹಾಗೆ :) ಬಂದವರಿಗೆ ಕೇಸರಿಬಾತ್ ಕೊಟ್ಟು ಕಳಿಸಿದೆವು.

ಕೊನೆಗೆ ‘ಲೈಸ್ಟ್ ಫಾನ್ ಜಾಕನ್’ ಅನ್ನೋ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಮನೆಯಲ್ಲಿ ಏನು ಉಳಿಯುತ್ತದೆ, ಏನನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನೋದು ಅದರಲ್ಲಿರುತ್ತದೆ. ತಮಾಷೆ ಅಲ್ಲ, ನೆಲದ ಮರದ ಹಾಸನ್ನೂ ಬಿಚ್ಚಿಕೊಂಡು ಹೋಗುವವರಿದ್ದಾರೆ. ನಮಗೆ ಉಳಿದಿದ್ದು ಸಿಮೆಂಟು ನೆಲ, ಸೂರಿನಿಂದ ನೇತಾಡುವ ವೈರು.

ಲೆಕ್ಕ ನೋಡುವವರು

ದುಡ್ಡಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಬೆಲೆಯ ಪಕ್ಕದಲ್ಲಿ ಕೆ.ಕೆ. ಅಂತ ಇರುತ್ತದೆ. ವರ್ಗಾವಣೆ ತೆರಿಗೆ, ನೋಟಾರಿಸ್ (ಇಲ್ಲಿನ ನೋಟರಿ) ಖರ್ಚು ಎಲ್ಲ ಕೊಳ್ಳುವವರ ತಲೆ ಮೇಲೆ ಅಂತ ಅರ್ಥ. ಸ್ವಂತ ವಾಸಕ್ಕೆ ತೆರಿಗೆ ಶೇ. 2. ಆದರೆ 35 ತುಂಬದವರಿಗೆ ಜೀವನದಲ್ಲಿ ಒಂದು ಸಲ ಪೂರ್ತಿ ವಿನಾಯಿತಿ ಇದೆ. 2026ಕ್ಕೆ ಮನೆ ಬೆಲೆ 5.55 ಲಕ್ಷದೊಳಗಿರಬೇಕು. ಇದನ್ನು ತಲೆಗೊಂದರಂತೆ ನೋಡುತ್ತಾರೆ. ಇಬ್ಬರೂ ಅರ್ಧ ಅರ್ಧ ಕೊಂಡರೆ ನಿಮ್ಮ ಹೆಂಡತಿಯ ಪಾಲಿಗೆ ತೆರಿಗೆ ಇಲ್ಲ, ನಿಮ್ಮ ಪಾಲಿಗೆ ಶೇ. 2. ಅಂದರೆ 9,500 ಬದಲು 4,750 ಯೂರೋ. ಹಾಗಾಗಿ ಮನೆಯಲ್ಲಿ ಅವರ ಹೆಸರೂ ಇರಲಿ. (ತೆರಿಗೆ ಇಲ್ಲದಿದ್ದರೂ ಇರಲಿ ಅನ್ನಿ.)

ಬ್ಯಾಂಕು ಮನೆಯ ಮೌಲ್ಯಮಾಪನದ ಶೇ. 100ರವರೆಗೆ ಸಾಲ ಕೊಡಬಹುದು, ನಿಮ್ಮ ಬಿಡ್ಡಿಗಲ್ಲ. ನೀವು 5 ಲಕ್ಷಕ್ಕೆ ಬಿಡ್ ಹಾಕಿ, ಮೌಲ್ಯ 4.8 ಅಂತ ಬಂದರೆ ಆ ಇಪ್ಪತ್ತು ಸಾವಿರ ನಿಮ್ಮ ಜೇಬಿಂದ. ಮನೆಯ ಎನರ್ಜಿ ಲೇಬಲ್, ಅಂದರೆ ಇಂಧನ ಉಳಿತಾಯದ ದರ್ಜೆ ಚೆನ್ನಾಗಿದ್ದರೆ ಸಾಲ ಸ್ವಲ್ಪ ಜಾಸ್ತಿ ಸಿಗುತ್ತದೆ. ಎನ್‌ಎಚ್‌ಜಿ ಅಂತ ಗೃಹಸಾಲಕ್ಕೆ ಒಂದು ಗ್ಯಾರಂಟಿ ಇದೆ, ಅದು ಇದ್ದರೆ ಬಡ್ಡಿ ಕಡಿಮೆ. 2026ರ ಮಿತಿ 4.70 ಲಕ್ಷ. ನಿಮ್ಮದು ಹೇಳುವ ಬೆಲೆಯಲ್ಲೇ ಐದು ಸಾವಿರದಲ್ಲಿ ತಪ್ಪಿಹೋಗುತ್ತಿದೆ. ಇದೇ ಕಾರಣಕ್ಕೆ ನಾನಾಗಿದ್ದರೆ ಇನ್ನೊಂದೆರಡು ಮನೆ ನೋಡುತ್ತಿದ್ದೆ.

ಎರಡೂ ಕಡೆ ಸಹಿ ಆದ ಒಪ್ಪಂದದ ಪ್ರತಿ ನಿಮ್ಮ ಕೈಗೆ ಬಂದ ಮೇಲೆ ಮೂರು ದಿನ ಸುಮ್ನೆ ಹಿಂದೆ ಸರಿಯಬಹುದು, ಕಾರಣ ಹೇಳಬೇಕಿಲ್ಲ. ಅದಾದ ಮೇಲೆ ಬಿಟ್ಟರೆ ಸಾಮಾನ್ಯವಾಗಿ ಬೆಲೆಯ ಶೇ. 10 ದಂಡ. ಆದ್ದರಿಂದ ‘ಸಾಲ ಸಿಗದಿದ್ದರೆ’, ‘ತಪಾಸಣೆಯಲ್ಲಿ ದೊಡ್ಡ ದೋಷ ಸಿಕ್ಕರೆ’ ಅನ್ನೋ ಷರತ್ತುಗಳನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಕ್ರಯಪತ್ರ ಡಚ್‌ನಲ್ಲಿರುತ್ತದೆ. ಭಾಷೆ ಬರದಿದ್ದರೆ ನೋಟಾರಿಸ್ ದುಭಾಷಿ ಬೇಕು ಅನ್ನುತ್ತಾರೆ, ಅದಕ್ಕೂ ದುಡ್ಡು ಎತ್ತಿಡಿ. ಒಂದು ಸಮಾಧಾನ ಅಂದರೆ ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿನ ಹಾಗೆ ಇಸಿ, ಖಾತೆ ಅಂತ ಅಲೆಯಬೇಕಿಲ್ಲ. ಕಡಾಸ್ಟರ್, ಅಂದರೆ ಭೂದಾಖಲೆ ಕಚೇರಿಯ ದಾಖಲೆ ನೋಡೋದು, ನೋಂದಣಿ ಮಾಡಿಸೋದು ಎಲ್ಲ ನೋಟಾರಿಸ್ ಕೆಲಸ.

ಖೌಡಾದಿಂದ ಒಬ್ಬರು

ನಮ್ಮೂರು ಚೀಸಿಗೆ ಹೆಸರಾದ ಗೌಡಾ. ಗೌಡರಿಗೂ ಇದಕ್ಕೂ ಸಂಬಂಧ ಇಲ್ಲ, ಡಚ್ಚರು ಖೌಡಾ ಅಂತಾರೆ. ಇಲ್ಲಿ ಮೆದು ಮಣ್ಣು, ಹಳೇ ಮನೆಗಳ ಅಡಿಪಾಯದ್ದೇ ದೊಡ್ಡ ಚಿಂತೆ. ಮರದ ಕಂಬಗಳು ಕೊಳೆತರೆ ಗೋಡೆ ಬಿರುಕು ಬಿಡುತ್ತದೆ. ನೀವು ಐಂಡ್‌ಹೋವನ್ ಕಡೆ, ಬ್ರಾಬಂಟ್ ಪ್ರಾಂತ್ಯದಲ್ಲಿದ್ದೀರಿ, ಅದು ಮರಳು ನೆಲ. ಆ ತಲೆನೋವು ನಿಮಗೆ ಕಡಿಮೆ.

ಹೆಸರು ಬೇಡ ಅಂದವರು

ಎದುರಿಗೆ ಹೊಲ ಅಂದಿರಲ್ಲ, ಬಿತ್ತನೆಗೆ ಮುಂಚೆ ವಸಂತದಲ್ಲಿ ಗೊಬ್ಬರ ಹಾಕುತ್ತಾರೆ. ನಮ್ಮೂರ ತಿಪ್ಪೆಯ ಒಣ ಸಗಣಿ ಅಲ್ಲ, ಟ್ಯಾಂಕರಿನಲ್ಲಿ ತರುವ ನೀರು ಗೊಬ್ಬರ. ಹಂದಿ ಫಾರಂ ಜಾಸ್ತಿ ಇರುವ ಕಡೆ ಎರಡು ದಿನ ಬಟ್ಟೆ ಹೊರಗೆ ಒಣಗಿಸುವ ಹಾಗಿಲ್ಲ. ಆ ಹೊಲ ಮುಂದೆಯೂ ಹೊಲವಾಗೇ ಇರುತ್ತಾ, ಲೇಔಟ್ ಆಗುತ್ತಾ ಅನ್ನೋದನ್ನು ಖೆಮೇಂತೆಯ ಓಮ್‌ಖೇವಿಂಗ್ಸ್‌ಪ್ಲಾನ್, ಅಂದರೆ ಭೂಬಳಕೆ ಯೋಜನೆಯಲ್ಲಿ ನೋಡಿ. ನಮ್ಮ ಎದುರಿಗಿದ್ದದ್ದು ಈಗ ನಲವತ್ತು ಮನೆ.

ಆರು ವರ್ಷದಿಂದ ಹಳ್ಳಿಯಲ್ಲೇ ಇರುವವರು

ಬೇಲಿ ವಿಷಯ ಮರೆತಿದ್ದೆ. ಗಡಿಯಿಂದ ಎರಡು ಮೀಟರೊಳಗೆ ಮರ, ಅರ್ಧ ಮೀಟರೊಳಗೆ ಗಿಡಬೇಲಿ ನೆಡುವ ಹಾಗಿಲ್ಲ, ಕೆಲವು ಕಡೆ ಅಲ್ಲಿನ ನಿಯಮ ಇದಕ್ಕಿಂತ ಸಡಿಲ. ಹಿಂದಿನ ಓಣಿಯಲ್ಲಿ ಪಕ್ಕದವರಿಗೆ ಸೈಕಲ್ ತರುವ ಹಕ್ಕು ಇದೆಯಾ ಅಂತ ಕ್ರಯಪತ್ರದಲ್ಲಿ ನೋಡಿ. ಹಳ್ಳಿ ಜಗಳ ಎಲ್ಲ ಊರಲ್ಲೂ ಒಂದೇ, ಬದುವಿನದ್ದು.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೊದಲನೇ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ‘ನಾನೊಬ್ಬಳೇ ಹೋಗಿ ನೋಡ್ಕೊಂಡು ಬರ್ತೀನಿ’ ಅಂದಳು. ಮಂಗಳವಾರ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದಳು. ಮಳೆ ಬರುತ್ತಿತ್ತು. ವಾಪಸ್ ಬರುವ ಬಸ್ಸು ಎರಡು ನಿಮಿಷದಲ್ಲಿ ತಪ್ಪಿತಂತೆ, ಐವತ್ತೆಂಟು ನಿಮಿಷ ಸ್ಟಾಪಿನಲ್ಲೇ ನಿಂತಿದ್ದಾರೆ. ಅಷ್ಟು ಹೊತ್ತಿನಲ್ಲಿ ನಾಯಿ ಹಿಡಿದುಕೊಂಡು ಹೋದ ಒಬ್ಬರು ‘ಹೊಯ್’ ಅಂದರಂತೆ, ಇನ್ನೊಬ್ಬರು ಕಾರು ನಿಲ್ಲಿಸಿ ಎಲ್ಲಿಗೆ ಅಂತ ಕೇಳಿದರಂತೆ. ಮನೆಗೆ ಬಂದು ಶೂ ಬಿಚ್ಚುತ್ತಾ ‘ಜನ ಒಳ್ಳೆಯವರು, ಮನೆ ಬೇಡ’ ಅಂದಳು. ಶಾಲೆ, ಅಂಗಡಿ ನಡೆದು ಹೋಗುವಷ್ಟು ಹತ್ತಿರ ಇರಬೇಕಂತೆ. ಬಸ್ಸು ಅರ್ಧ ಗಂಟೆಗೊಂದಾದರೂ ಇರಬೇಕಂತೆ. ಕೆಳಗೆ ಒಂದು ಬಚ್ಚಲು ಬೇಕಂತೆ. ನಾಲ್ಕು ವರ್ಷದಲ್ಲಿ ಇಷ್ಟು ಉದ್ದದ ಪಟ್ಟಿ ಕೊಟ್ಟಿದ್ದು ಇದೇ ಮೊದಲು.

ಬಿಡ್ ಹಾಕಲಿಲ್ಲ. ಈಗ ನ್ಯೂನೆನ್ ಊರೊಳಗೇ ಹುಡುಕುತ್ತಿದ್ದೇವೆ. ವಾನ್ ಗೋ 1885ರಲ್ಲಿ ಆಲೂಗಡ್ಡೆ ತಿನ್ನುವವರ ಚಿತ್ರ ಬಿಡಿಸಿದ ಊರು. ಸಾಲು ಮನೆಯಾದರೂ ಪರವಾಗಿಲ್ಲ, 4.70ರೊಳಗೆ. ಅಲ್ಲಿ ನಮ್ಮವರು ಯಾರಾದರೂ ಇದ್ದೀರಾ? ಶಾಲೆ ಹೇಗಿದೆ, ಒಲೆ ಮೇಲಿನ ಗಾಳಿ ಹೊರಗೆ ಹೋಗುತ್ತಾ?